ಜಿಮ್ನಿಯ ದಪ್ಪ ಟೈರು, ಎತ್ತರದ ಸ್ಪ್ರಿಂಗು ಮತ್ತು ಬೆಂಗಳೂರಿನ ದಾರಿ

ನಮ್ಮ ತೋಟ ಮೂಡಿಗೆರೆ ಕಡೆ. ಗೇಟಿನಿಂದ ಮನೆಗೆ ಒಂದೂವರೆ ಕಿಲೋಮೀಟರ್ ಜೀಪ್ ರೋಡು. ಮಳೆಗಾಲ ಬಂತೆಂದರೆ ಅದರ ಎರಡೂ ಚಕ್ರದ ಜಾಡಿನಲ್ಲಿ ನೀರು ಹರಿಯುತ್ತದೆ. ಅದಕ್ಕೇ 2023ರಲ್ಲಿ ಐದು ಬಾಗಿಲಿನ ಮಾರುತಿ ಜಿಮ್ನಿ ಬಂದಾಗ ತಡಮಾಡದೆ ತೆಗೆದುಕೊಂಡೆ. ಗಟ್ಟಿ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್ (ಎಡಬಲ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ದಂಡ), ನಾಲ್ಕೂ ಚಕ್ರಕ್ಕೆ ಹೆಚ್ಚು ಎಳೆತ ಕೊಡುವ ಫೋರ್ ವೀಲ್ ಲೋ ಗೇರ್. ತೋಟಕ್ಕೆ ಇನ್ನೇನು ಬೇಕು?

ಆದರೆ ಇದೇ ಗಾಡಿಯಲ್ಲಿ ತಿಂಗಳಿಗೊಮ್ಮೆ ಅಮ್ಮನನ್ನು ಬೆಂಗಳೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ. ಹೋಗುವುದಕ್ಕೇ ಸುಮಾರು 240 ಕಿಲೋಮೀಟರ್. ಗಾಡಿಗೆ ಟೈರು, ಸ್ಪ್ರಿಂಗು ಆರಿಸುವಾಗ ನಾನು ಜೀಪ್ ರೋಡನ್ನು ಮಾತ್ರ ನೆನಪಿಟ್ಟುಕೊಂಡೆ, ಈ 240 ಕಿಲೋಮೀಟರನ್ನು ಮರೆತೆ. ಎಲ್ಲ ತೊಂದರೆ ಶುರುವಾದದ್ದು ಅಲ್ಲಿಂದ.

ಮೊದಲ ಮಳೆಗಾಲದಲ್ಲಿ ಗಾಡಿಯ ಹೊಟ್ಟೆ ಎರಡು ಸಲ ದಿಂಡಿಗೆ ತಾಗಿತು. ದಿಂಡು ಅಂದರೆ ಎರಡು ಜಾಡಿನ ನಡುವೆ ಉಬ್ಬಿ ನಿಲ್ಲುವ ಮಣ್ಣು. ತಕ್ಷಣ 235/75 ಆರ್15 ಅಳತೆಯ, ಕಂಪನಿಯದ್ದಕ್ಕಿಂತ ದೊಡ್ಡದಾದ ಮಡ್ ಟೆರೇನ್ ಟೈರು, ಅಂದರೆ ಕೆಸರಿಗೆಂದೇ ಮಾಡಿದ ದಪ್ಪ ಹಲ್ಲಿನ ಟೈರು, ಮತ್ತು ಎರಡು ಇಂಚು ಎತ್ತರಿಸುವ ಸ್ಪ್ರಿಂಗ್ ಸೆಟ್ ಹಾಕಿಸಿದೆ. ನೋಡಲು ಬಹಳ ಚೆನ್ನಾಗಿತ್ತು. ತೋಟದಲ್ಲಿ ಕೆಸರು ಕಿತ್ತುಕೊಂಡು ಮೇಲೆ ಬರುತ್ತಿತ್ತು.

ಆಮೇಲೆ ಅಮ್ಮನ ಜೊತೆ ಬೆಂಗಳೂರಿಗೆ ಹೊರಟೆವು. ಹಾಸನ ದಾಟುವಷ್ಟರಲ್ಲಿ ನನಗೇ ಸುಸ್ತು. ಸ್ಟೀರಿಂಗ್ ಒಂದು ಕಡೆ ನಿಲ್ಲುತ್ತಿರಲಿಲ್ಲ, ಸದಾ ಸಣ್ಣಸಣ್ಣದಾಗಿ ತಿದ್ದುತ್ತಲೇ ಇರಬೇಕು. ಲಾರಿ ಪಕ್ಕಕ್ಕೆ ಬಂದರೆ ಗಾಡಿ ಆಚೀಚೆ ಹೋಗುತ್ತಿತ್ತು. 70ರ ಮೇಲೆ ಟೈರಿನ ಗುಂಯ್ ಶಬ್ದದಲ್ಲಿ ಹಿಂದೆ ಕೂತ ಅಮ್ಮನ ಮಾತು ಕೇಳಿಸುತ್ತಿರಲಿಲ್ಲ. ಪೀಣ್ಯ ಫ್ಲೈಓವರಿನ ಒಂದೊಂದು ಜಾಯಿಂಟಿಗೂ ಸೀಟಿನಿಂದ ಎತ್ತಿ ಹಾಕಿದ ಹಾಗೆ. ವಾಪಸ್ ಬಂದು ಇಳಿಯುವಾಗ ಅಮ್ಮ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತರು. "ಮಗಾ, ಮುಂದಿನ ತಿಂಗಳು ನಾನು ಬಸ್ಸಲ್ಲೇ ಬರ್ತೀನಿ" ಅಂದರು. ಅವರು ಯಾವತ್ತೂ ಯಾವುದಕ್ಕೂ ದೂರುವವರಲ್ಲ. ಆ ಮಾತು ಮನಸ್ಸಿನಲ್ಲಿ ಉಳಿಯಿತು.

ಮೊದಲು ನೋಡಿದ್ದು ಗಾಳಿ. ಟೈರ್ ಅಂಗಡಿಯಲ್ಲಿ 35 ಪಿಎಸ್‌ಐ ತುಂಬಿಸಿದ್ದರು. ಇಂಥ ಟೈರುಗಳ ಪಕ್ಕದ ಗೋಡೆಯೇ ದಪ್ಪ, ಭಾರದ ಪಿಕಪ್‌ಗಳಿಗೆ ಅಂತ ಮಾಡಿರುತ್ತಾರೆ. ಜಿಮ್ನಿಯ ತೂಕ ಸುಮಾರು 1,200 ಕೆಜಿ ಅಷ್ಟೇ. ಹಗುರ ಗಾಡಿ, ಗಟ್ಟಿ ಟೈರು, ಮೇಲೆ ಜಾಸ್ತಿ ಗಾಳಿ. ಟೈರು ಬಾಗುವುದೇ ಇಲ್ಲ. ನಾನು ಟೈರಿನ ಅಗಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಅಂಗಳದ ಸಿಮೆಂಟಿನ ಮೇಲೆ ನೇರವಾಗಿ ಸ್ವಲ್ಪ ದೂರ ಓಡಿಸಿದೆ. ನಡುವಿನ ಗೆರೆ ಮಾತ್ರ ಅಳಿಸಿತ್ತು, ಎರಡೂ ಅಂಚು ಹಾಗೇ ಇತ್ತು. ಎರಡೆರಡು ಪಿಎಸ್‌ಐ ಇಳಿಸುತ್ತಾ ಹೋದೆ. 28ಕ್ಕೆ ಬಂದಾಗ ಗೆರೆ ಪೂರ್ತಿ ಒಂದೇ ಸಮ ಅಳಿಸಿತು. ಕಾಸು ಖರ್ಚಿಲ್ಲದೆ ಕಾಲು ಭಾಗ ಕುಲುಕಾಟ ಕಡಿಮೆಯಾಯಿತು ಅನ್ನಬಹುದು. ಒಂದು ಮಾತು: ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಬರೆದಿರುವುದಕ್ಕಿಂತ ಕೆಳಗೆ ಇಳಿಸಿಕೊಂಡು ಹೈವೇಗೆ ಹೋಗಬೇಡಿ. ಗಾಳಿ ಕಡಿಮೆಯಾದರೆ ಟೈರು ಬಿಸಿಯಾಗುತ್ತದೆ. ತಣ್ಣಗಿದ್ದಾಗಲೇ, ಬೆಳಿಗ್ಗೆ ಹೊರಡುವ ಮೊದಲು ಅಳೆಯಿರಿ.

ಎರಡನೆಯದು ಸ್ಟೀರಿಂಗ್. ಹಾಸನದಲ್ಲಿ ಅಲೈನ್‌ಮೆಂಟ್ ಮಾಡುವ ಒಬ್ಬ ಹುಡುಗ ಮೆಷಿನಿನಲ್ಲಿ ನೋಡಿ, "ಸರ್, ಟೋ ಸರಿ ಇದೆ, ಕ್ಯಾಸ್ಟರ್ ಹೋಗಿದೆ" ಅಂದ. ಟೋ ಅಂದರೆ ಮುಂದಿನ ಚಕ್ರಗಳು ಒಳಗೆ ಅಥವಾ ಹೊರಗೆ ತಿರುಗಿರುವ ಅಳತೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ವಾ, ಚಕ್ರ ತಾನಾಗಿ ನೇರಕ್ಕೆ ಬರಲು ಅದೂ ಒಂದು ಕಾರಣ. ಗಾಡಿಯಲ್ಲಿ ಆ ಓರೆಯೇ ಕ್ಯಾಸ್ಟರ್. ಜಿಮ್ನಿಯ ಮುಂದಿನ ಆಕ್ಸಲನ್ನು ಎರಡು ಉದ್ದನೆಯ ಆರ್ಮ್‌ಗಳು ಹಿಡಿದಿವೆ, ಅವುಗಳ ಕೀಲು ಹಿಂದೆ ಚಾಸಿಯಲ್ಲಿದೆ. ಸ್ಪ್ರಿಂಗ್ ಎತ್ತರವಾದರೆ ಚಾಸಿ ಮೇಲೆ ಹೋಗುತ್ತದೆ, ಆಕ್ಸಲ್ ಆ ಕೀಲಿನ ಸುತ್ತ ತಿರುಗಿಕೊಳ್ಳುತ್ತದೆ. ಓರೆ ಕಡಿಮೆಯಾಗುತ್ತದೆ. ಆಗ ಚಕ್ರಕ್ಕೆ ನೇರ ನಿಲ್ಲುವ ಬುದ್ಧಿಯೇ ಇರುವುದಿಲ್ಲ. ಜೊತೆಗೆ ಆಕ್ಸಲನ್ನು ಅಡ್ಡಕ್ಕೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಅದನ್ನು ಒಂದು ಪಕ್ಕಕ್ಕೆ ಸ್ವಲ್ಪ ಎಳೆದಿರುತ್ತದೆ. ಕ್ಯಾಸ್ಟರ್ ತಿದ್ದುವ ಬುಷ್, ಉದ್ದ ಹೊಂದಿಸುವ ರಾಡ್ ಎರಡೂ ಸಿಗುತ್ತವೆ, ಹಾಕಿಸಿಕೊಳ್ಳಿ ಅಂದ. ಬೆಲೆ ಕೇಳಿ, ಯೋಚನೆ ಮಾಡಿ ಹೇಳುತ್ತೇನೆ ಅಂತ ಬಂದೆ.

ಮನೆಗೆ ಬಂದು ಟೇಪ್ ಹಿಡಿದು ಗಾಡಿಯ ಕೆಳಗೆ ಮಲಗಿದೆ. ಮೊದಲೇ ಮಾಡಬೇಕಿದ್ದ ಕೆಲಸ ಇದು. ಇಂಥ ಗಾಡಿಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಡಿಫರೆನ್ಷಿಯಲ್ ಗುಂಡು, ಅಂದರೆ ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿರುವ ದುಂಡನೆಯ ಡಬ್ಬಿ. ಅದು ಆಕ್ಸಲಿನಲ್ಲೇ ಇದೆ. ಆಕ್ಸಲ್ ಇರುವುದು ಚಕ್ರದ ನಡುವೆ. ಸ್ಪ್ರಿಂಗನ್ನು ಎಷ್ಟೇ ಎತ್ತರ ಮಾಡಿ, ಆ ಗುಂಡು ಒಂದು ಮಿ.ಮೀ. ಕೂಡ ಮೇಲೆ ಬರುವುದಿಲ್ಲ! ಅದನ್ನು ಎತ್ತುವುದು ಟೈರು ಮಾತ್ರ. ಕಂಪನಿಯ 195/80 ಆರ್15 ಟೈರಿನ ಎತ್ತರ 693 ಮಿ.ಮೀ., ನಾನು ಹಾಕಿಸಿದ್ದರದ್ದು 733. ಅರ್ಧ ಲೆಕ್ಕ ಹಾಕಿದರೆ ಗುಂಡು ಎದ್ದದ್ದು 20 ಮಿ.ಮೀ. ಎರಡು ಇಂಚಿನ ಸ್ಪ್ರಿಂಗ್ ಎತ್ತಿದ್ದು ಬಾಡಿಯನ್ನು. ದೊಡ್ಡ ಬಂಡೆ ಹತ್ತುವವರಿಗೆ, ಆಳದ ಹಳ್ಳಕ್ಕೆ ಇಳಿಯುವವರಿಗೆ ಅದರಿಂದ ನಿಜವಾಗಿ ಉಪಯೋಗವಿದೆ, ಬಂಪರ್ ತಾಗುವುದಿಲ್ಲ. ನನ್ನ ಜೀಪ್ ರೋಡಿನಲ್ಲಿ ತಾಗುತ್ತಿದ್ದದ್ದು ಗುಂಡು.

ಆ ಸ್ಪ್ರಿಂಗುಗಳ ಬಾಕ್ಸನ್ನೂ ಅವತ್ತೇ ಗಮನವಿಟ್ಟು ಓದಿದೆ. ಕಬ್ಬಿಣದ ಬಂಪರ್, ವಿಂಚ್, ಮೇಲೆ ಸಾಮಾನು ಸದಾ ಹೊರುವ ಗಾಡಿಗೆ ಅಂತ ಬರೆದಿತ್ತು. ನನ್ನ ಗಾಡಿಯಲ್ಲಿ ಅದ್ಯಾವುದೂ ಇಲ್ಲ. ಅಂಗಡಿಯವರು ಇದ್ದದ್ದನ್ನು ಕೊಟ್ಟರು, ನಾನೂ ಕೇಳಲಿಲ್ಲ. ಹಿಂದೆ ಎರಡು ಕಾಫಿ ಮೂಟೆ ಹಾಕಿದ ದಿನ ಗಾಡಿ ಎಷ್ಟು ಹಾಯಾಗಿ ಹೋಗುತ್ತಿತ್ತು ಅಂತ ಆಗ ನೆನಪಾಯಿತು. 100 ಕೆಜಿ ಬಿದ್ದ ಮೇಲೆ ಮಾತ್ರ ಆ ಸ್ಪ್ರಿಂಗ್ ಕೆಲಸ ಮಾಡುತ್ತಿತ್ತು. ಹೈವೇ ಸುಖಕ್ಕೆ ನನಗೆ ಗೊತ್ತಾದ ದೊಡ್ಡ ವಿಷಯ ಇದೇ: ಸ್ಪ್ರಿಂಗ್ ಕೊಳ್ಳುವ ಮೊದಲು ಗಾಡಿಯಲ್ಲಿ ದಿನಾ ಇರುವ ತೂಕ ಬರೆದುಕೊಳ್ಳಿ. ಅದನ್ನು ಹೇಳದೆ ಯಾವ ಸೆಟ್ಟನ್ನೂ ಕೊಳ್ಳಬೇಡಿ.

ತೂಕದ ಮಾತು ಬಂದಾಗ ಇನ್ನೊಂದು. ಕಾಫಿ ತೂಗುವ ಕಾಟಾದಲ್ಲಿ ಎರಡೂ ಚಕ್ರ ಇಟ್ಟು ನೋಡಿದೆ. ರಿಮ್ ಸಮೇತ ಹಳೆಯದು 18 ಕೆಜಿ, ಹೊಸದು 24ರ ಮೇಲೆ. ಗುಂಡಿಗೆ ಬಿದ್ದಾಗ ಕುಣಿಯುವ ಚಕ್ರ ಭಾರವಾದಷ್ಟೂ ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿಯುವುದು ಕಷ್ಟ. ಬ್ರೇಕಿಗೂ ಕಷ್ಟ, ಇಂಜಿನಿಗೂ ಕಷ್ಟ. ನನ್ನ ಮೈಲೇಜ್ 14ರಿಂದ 11ರ ಹತ್ತಿರ ಬಂದಿತ್ತು, ಕುಣಿಗಲ್ ಕಡೆಯ ಏರುಗಳಲ್ಲಿ ಐದನೇ ಗೇರ್ ಎಳೆಯುತ್ತಿರಲಿಲ್ಲ. ಮೀಟರಿಗೂ ಲೆಕ್ಕ ತಪ್ಪಿತ್ತು. ಮೊದಲು ಮೀಟರ್ 100 ತೋರಿಸಿದರೆ ಜಿಪಿಎಸ್ 96 ತೋರಿಸುತ್ತಿತ್ತು, ಈಗ ಜಿಪಿಎಸ್‌ನಲ್ಲೇ 101 ದಾಟುತ್ತಿತ್ತು.

ಕಾನೂನನ್ನೂ ಓದಿಕೊಂಡೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಿಸುವುದಕ್ಕೆ ಮಿತಿ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದು ಇದನ್ನೇ. ಅಮ್ಮನನ್ನು ಕೂರಿಸಿಕೊಂಡು ಓಡಿಸುವ ಗಾಡಿಯಲ್ಲಿ ಆ ಅನುಮಾನ ನನಗೆ ಬೇಡವಾಯಿತು.

ಕಂಪನಿಯ ಸ್ಪ್ರಿಂಗುಗಳು ಶೆಡ್ಡಿನಲ್ಲೇ ಇದ್ದವು. ಅವನ್ನೇ ವಾಪಸ್ ಹಾಕಿಸಿದೆ. ಶಾಕ್ ಅಬ್ಸಾರ್ಬರ್ ಮಾತ್ರ ಅದೇ ಎತ್ತರಕ್ಕೆ ಸರಿಹೊಂದುವ ಒಳ್ಳೆಯ ಗ್ಯಾಸ್ ತುಂಬಿದ್ದು. ಬುಷ್ಷೂ ಬೇಡ, ರಾಡೂ ಬೇಡ, ಕ್ಯಾಸ್ಟರ್ ತಾನೇ ಸರಿಯಾಯಿತು. ಟೈರು 215/75 ಆರ್15, ರಸ್ತೆಗೂ ಮಣ್ಣಿಗೂ ಆಗುವ ಆಲ್ ಟೆರೇನ್, ದಪ್ಪ ಗೋಡೆಯದಲ್ಲ, ಕಾರಿನ ದರ್ಜೆಯದು. ಎತ್ತರ ಕಂಪನಿಯದ್ದಕ್ಕಿಂತ ಬರೀ 10 ಮಿ.ಮೀ. ಜಾಸ್ತಿ. ಆಮೇಲೆ ಬ್ಯಾಲೆನ್ಸಿಂಗ್ ಎರಡು ಸಲ ಮಾಡಿಸಿದೆ. ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಒಂದು ಕಡೆ 20 ಗ್ರಾಂ ತಪ್ಪಿದರೂ 80ರ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗುತ್ತದೆ. ಎತ್ತರ ಬದಲಾಗಿದ್ದರಿಂದ ಹೆಡ್‌ಲೈಟನ್ನೂ ಗೋಡೆಗೆ ಬಿಟ್ಟು ಮತ್ತೆ ಸರಿಮಾಡಿಸಿದೆ. ಇದನ್ನು ಬಹಳ ಜನ ಮರೆಯುತ್ತಾರೆ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಗುಂಡು ತಾಗುವ ವಿಷಯ. ಇಬ್ಬರು ಆಳುಗಳ ಜೊತೆ ನಾನೂ ಗುದ್ದಲಿ ಹಿಡಿದು ದಿಂಡು ಕೆತ್ತಿದೆ, ಆ ಮಣ್ಣನ್ನೇ ಜಾಡಿಗೆ ತುಂಬಿ ಕಲ್ಲು ಹಾಕಿದೆವು. ಒಂದೂವರೆ ದಿನದ ಕೆಲಸ. ಎರಡು ಮಳೆಗಾಲ ಕಳೆಯಿತು, ತಾಗಿಲ್ಲ. ಜಾರುವ ಒಂದು ತಿರುವಿನಲ್ಲಿ ಮಾತ್ರ ಮಡ್ ಟೈರ್ ಇರಬೇಕಿತ್ತು ಅನ್ನಿಸುತ್ತದೆ. ಅಲ್ಲಿ ಲೋ ಗೇರ್ ಹಾಕಿ ನಿಧಾನ ಹತ್ತಿಸುತ್ತೇನೆ.

ಹೈವೇಯಲ್ಲಿ ಈಗ ಒಂದು ಕೈಯಲ್ಲಿ ಹಗುರಾಗಿ ಹಿಡಿದರೂ ಗಾಡಿ ನೇರ ಹೋಗುತ್ತದೆ. ಫ್ಲೈಓವರ್ ಜಾಯಿಂಟಿಗೆ ಒಂದು ಸಲ ಕುಲುಕಿ ಸುಮ್ಮನಾಗುತ್ತದೆ. ಹಾಗಂತ ಇದು ಕಾರಾಗಿಲ್ಲ. ಚಾಸಿ ಗಾಡಿ, ಚೌಕದ ಮೈ. ಹಿರೀಸಾವೆಯ ಬಯಲಿನಲ್ಲಿ ಅಡ್ಡಗಾಳಿ ಬೀಸಿದರೆ ಈಗಲೂ ಅಲುಗುತ್ತದೆ, 90ರ ಮೇಲೆ ಇಂಜಿನ್ ಸದ್ದು ಜೋರಾಗುತ್ತದೆ. ಅದಕ್ಕೆ 85ರಲ್ಲೇ ಇರುತ್ತೇನೆ. ಅಮ್ಮ ಬಸ್ಸಿನ ಮಾತು ಬಿಟ್ಟಿದ್ದಾರೆ. ಮೊದಲು ಐದೂವರೆಗೆ ಹೊರಡುತ್ತಿದ್ದೆವು, ಈಗ ಐದಕ್ಕೇ ಹೊರಡುತ್ತೇವೆ.