ಕ್ಯಾಂಪರ್ ವ್ಯಾನಿಗೆ ಇನ್ವರ್ಟರ್ ಹಾಕುವುದು ಹೇಗೆ?

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಎಲ್ಲೋ ಒಂದು ಮರ ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಹಾಗಾಗಿ ಇನ್ವರ್ಟರ್ ನಮಗೆ ಹೊಸದೇನಲ್ಲ. ಹಳೆ ವ್ಯಾನಿಗೆ ಹಾಸಿಗೆ, ಒಲೆ ಕೂರಿಸಿಕೊಂಡು ಊರು ಸುತ್ತುವ ಆಸೆ ಇರುವವರು ನನ್ನನ್ನು ಮೊದಲು ಕೇಳುವುದು ಇದನ್ನೇ: 'ಮನೆಯ ಇನ್ವರ್ಟರನ್ನೇ ವ್ಯಾನಿಗೆ ಇಟ್ಟುಕೊಂಡರೆ ಆಗಲ್ವಾ?'

ದಯವಿಟ್ಟು ಬೇಡ. ಮನೆಯ ಇನ್ವರ್ಟರ್ ಸಾಮಾನ್ಯವಾಗಿ ಭಾರದ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಒಂದೇ ಕಡೆ ಕೂರುವ ಡಬ್ಬಿ. ಗುಂಡಿ ರಸ್ತೆಯ ಕುಲುಕಾಟಕ್ಕೆ ಅದನ್ನು ಮಾಡಿಲ್ಲ. ಅದರ ಜೊತೆ ಬರುವ ಟ್ಯೂಬುಲರ್ ಬ್ಯಾಟರಿಯಲ್ಲಿ ಆಸಿಡ್ ಇರುತ್ತದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ವಾಲಿದರೆ ತುಳುಕೀತು. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬೇರೆ ಬಿಡುತ್ತದೆ. ನಾವು ಮಲಗುವ ಜಾಗದಲ್ಲಿ ಅದು ಇರಬಾರದು. ವಾಹನಕ್ಕೆಂದೇ ಸಿಗುವ ಇನ್ವರ್ಟರ್ ಸಣ್ಣದು, ಹಗುರ. ಬಹುತೇಕ ಮಾಡೆಲ್‌ಗಳು ಮಾಡುವುದು ಒಂದೇ ಕೆಲಸ: ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿ, ಅಂದರೆ ಮನೆಯ ಪ್ಲಗ್ಗಿನಲ್ಲಿ ಬರುವಂಥ ಕರೆಂಟ್ ಮಾಡುವುದು. ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆಯನ್ನು ನಾವೇ ಬೇರೆ ಮಾಡಿಕೊಳ್ಳಬೇಕು.

ಮೊದಲು ಲೆಕ್ಕ

ಬಲ್ಬು, ಫ್ಯಾನು, ಮೊಬೈಲ್ ಚಾರ್ಜರ್ ಮೂರೂ 12 ವೋಲ್ಟಿನಲ್ಲೇ ಓಡುವಂಥವು ಸಿಗುತ್ತವೆ. ಅವನ್ನು ಇನ್ವರ್ಟರ್‌ಗೆ ಹಾಕಬೇಡಿ. ಸುಮ್ನೆ ಕರೆಂಟ್ ಪೋಲು. ಉಳಿಯುವುದು ಮಿಕ್ಸಿ, ಲ್ಯಾಪ್‌ಟಾಪ್. ನನ್ನ 500 ವಾಟಿನ ಮಿಕ್ಸಿ ದಿನಕ್ಕೆ 5 ನಿಮಿಷ ತಿರುಗಿದರೆ 42 ವಾಟ್-ಅವರ್ (ವಾಟನ್ನು ಗಂಟೆಯಿಂದ ಗುಣಿಸಿದ್ದು). 65 ವಾಟಿನ ಲ್ಯಾಪ್‌ಟಾಪ್ 3 ಗಂಟೆಗೆ 195. ಇನ್ವರ್ಟರ್ ಒಳಗೆ ಆಗುವ ನಷ್ಟ ಸೇರಿ ಸುಮಾರು 280. ಬಲ್ಬು, ಮೊಬೈಲಿಗೆ ಇನ್ನೊಂದು 100 ಇಡಿ. ಒಟ್ಟು 380. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ (1000 ವಾಟ್-ಅವರ್‌ಗೆ ಒಂದು ಯೂನಿಟ್) ಅರ್ಧ ಯೂನಿಟ್ಟೂ ಇಲ್ಲ!

100 ಆಂಪಿಯರ್-ಅವರ್‌ನ (12 ವೋಲ್ಟಿನಲ್ಲಿ ಸುಮಾರು 1200 ವಾಟ್-ಅವರ್) ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ, ಪೂರ್ತಿ ಖಾಲಿ ಮಾಡದೆ ಎರಡೂವರೆ ದಿನಕ್ಕೆ ಸಾಕು. ಅಷ್ಟೇ ಅಳತೆಯ ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಬಾಳಿಕೆ ಹೋಗುತ್ತದೆ. ಹಾಗಾಗಿ ಒಂದೂವರೆ ದಿನ ಅಷ್ಟೆ.

ಮಿಕ್ಸಿಯ ಮೋಟಾರ್ ಶುರುವಾಗುವ ಕ್ಷಣದಲ್ಲಿ ಎರಡು ಮೂರು ಪಟ್ಟು ಜಾಸ್ತಿ ಎಳೆಯುತ್ತದೆ. ಅದಕ್ಕೇ 1000 ವಾಟಿನ ಇನ್ವರ್ಟರ್ ತೆಗೆದುಕೊಳ್ಳಿ. 'ಪ್ಯೂರ್ ಸೈನ್ ವೇವ್' (ಮನೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು) ಎಂದು ಕೇಳಿಯೇ ಕೊಳ್ಳಿ. ಅಗ್ಗದ ಮಾಡಿಫೈಡ್ ಸೈನ್ ವೇವಿನಲ್ಲಿ ಮೋಟಾರ್ ಗುಂಯ್‌ಗುಟ್ಟುತ್ತದೆ, ಬಿಸಿಯಾಗುತ್ತದೆ. 2000 ವಾಟಿನ ಇಂಡಕ್ಷನ್ ಸ್ಟವ್ ಆಸೆ ಬಿಟ್ಟುಬಿಡಿ. ಅಕ್ಕಿ ರೊಟ್ಟಿಗೆ ಗ್ಯಾಸ್ ಒಲೆಯೇ ಸರಿ.

ಎರಡು ವೈರ್, ಒಂದು ಫ್ಯೂಸ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮನೆಯಲ್ಲಿ 1000 ವಾಟ್ ಎಂದರೆ ನಾಲ್ಕು ಚಿಲ್ಲರೆ ಆಂಪಿಯರ್. 12 ವೋಲ್ಟಿನಲ್ಲಿ ಅದೇ 1000 ವಾಟ್‌ಗೆ 83 ಆಂಪಿಯರ್ ಬೇಕು. ನಷ್ಟ ಸೇರಿದರೆ ಹತ್ತಿರ ಹತ್ತಿರ 100. ಇಷ್ಟೂ ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ಎರಡು ವೈರ್‌ಗಳಲ್ಲೇ ಹರಿಯಬೇಕು.

ಮೊದಲ ಸಲ ನಾನು ಅಂಗಡಿಯವರು ಕೊಟ್ಟ ವೈರನ್ನೇ ನಂಬಿದೆ. 6 ಸ್ಕ್ವೇರ್ ಎಂಎಂ, ನೋಡಲು ದಪ್ಪವಾಗಿಯೇ ಇತ್ತು. ಭಾಗಮಂಡಲದ ಹತ್ತಿರ ವ್ಯಾನ್ ನಿಲ್ಲಿಸಿ ಕಾಯಿ ಚಟ್ನಿ ರುಬ್ಬುತ್ತಿದ್ದೆ. ಇನ್ವರ್ಟರ್ ಬೀಪ್ ಬೀಪ್ ಎಂದಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಸೀಟಿನ ಕೆಳಗೆ ಕೈ ಹಾಕಿದರೆ ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಹತ್ತಿರ ವೈರಿನ ಕವರ್ ಮೇಣದ ಹಾಗೆ ಮೆತ್ತಗಾಗಿತ್ತು, ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಲಗ್ಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರು. ಫ್ಯೂಸ್ ಇರಲೇ ಇಲ್ಲ. ಒಳಗೆ ಮಕ್ಕಳು ಮಲಗಿದ್ದರು. ಆ ಹೆದರಿಕೆ ನನಗೆ ಇನ್ನೂ ಹೋಗಿಲ್ಲ.

ಹೀಗೆ ಮಾಡಿ. ಇನ್ವರ್ಟರ್ ಬ್ಯಾಟರಿಯಿಂದ ಒಂದೆರಡು ಮೀಟರ್ ಒಳಗೇ ಇರಲಿ. ಬ್ಯಾಟರಿ ಲೆಡ್ ಆಸಿಡ್ ಆಗಿದ್ದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ವೈರ್ 25 ಸ್ಕ್ವೇರ್ ಎಂಎಂ ಇರಲಿ, 35 ಸಿಕ್ಕರೆ ಇನ್ನೂ ಒಳ್ಳೆಯದು. ಸಣ್ಣ ಎಳೆಗಳ, ಬಾಗುವ ತಾಮ್ರದ ಕೇಬಲ್ ಆಗಿರಲಿ. ಹೋಗಿ ಬರುವ ವೈರ್ ಒಟ್ಟು 4 ಮೀಟರ್ ಇದ್ದು, 100 ಆಂಪಿಯರ್ ಹರಿದರೆ 25ರ ಕೇಬಲ್ಲಿನಲ್ಲಿ ಕಳೆಯುವುದು 0.3 ವೋಲ್ಟ್. 10ರ ಕೇಬಲ್ಲಿನಲ್ಲಿ ಮುಕ್ಕಾಲು ವೋಲ್ಟ್ ಹೋಗುತ್ತದೆ, ಅದೆಲ್ಲ ಬಿಸಿಯಾಗಿ ಹೊರಬರುತ್ತದೆ. 25 ವಾಟಿನ ಮೂರು ಸೋಲ್ಡರಿಂಗ್ ಐರನ್ ಸೀಟಿನ ಕೆಳಗೆ ಉರಿಸಿಟ್ಟ ಹಾಗೆ.

ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸಿ. ಒತ್ತಿಸಿದ ಮೇಲೆ ಗಟ್ಟಿಯಾಗಿ ಎಳೆದು ನೋಡಿ. ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ. ನಮ್ಮ ತೇವಕ್ಕೆ ತಾಮ್ರ ಬೇಗ ಹಸಿರು ಹಿಡಿಯುತ್ತದೆ, ಟರ್ಮಿನಲ್‌ಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ತಗಡಿನ ತೂತಿನ ಮೂಲಕ ಕೇಬಲ್ ಹೋಗುವಲ್ಲಿ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಬೇಕೇ ಬೇಕು.

ಪ್ಲಸ್ ವೈರಿಗೆ, ಬ್ಯಾಟರಿಯಿಂದ ಒಂದು ಗೇಣಿನೊಳಗೆ, 125 ಆಂಪಿಯರ್‌ನ ಡಿಸಿ ಫ್ಯೂಸ್ ಹಾಕಿ. ಬೋಲ್ಟ್ ಬಿಗಿದು ಕೂರಿಸುವಂಥದ್ದು. ಮನೆಯ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇಲ್ಲಿ ನಡೆಯುವುದಿಲ್ಲ. ಫ್ಯೂಸ್ ಕಾಯುವುದು ವೈರನ್ನು. ಅದನ್ನು ಇನ್ವರ್ಟರ್ ಹತ್ತಿರ ಹಾಕಿದರೆ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ತಡೆಯುವವರೇ ಇಲ್ಲ.

ಎಲ್ಲ ಜೋಡಿಸಿ, ಪ್ಲಸ್ ಮೈನಸ್ ಎರಡು ಸಲ ನೋಡಿ, ಕೊನೆಗೆ ಫ್ಯೂಸ್ ಹಾಕಿ. ಆಗ ಚಟ್ ಎಂದು ಸಣ್ಣ ಕಿಡಿ ಬರಬಹುದು. ಇನ್ವರ್ಟರ್ ಒಳಗಿನ ಕೆಪಾಸಿಟರ್ ತುಂಬುತ್ತಿದೆ, ಗಾಬರಿ ಬೇಡ. ಪ್ಲಸ್ ಮೈನಸ್ ಅದಲು ಬದಲಾದರೆ ಮಾತ್ರ ಇನ್ವರ್ಟರ್ ಸುಟ್ಟುಹೋಗಬಹುದು.

ಚಾರ್ಜ್ ಎಲ್ಲಿಂದ?

ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಇನ್ವರ್ಟರ್ ಕೊಡಬೇಡಿ. ಬೆಳಿಗ್ಗೆ ತಲಕಾವೇರಿ ರಸ್ತೆಯಲ್ಲಿ ವ್ಯಾನ್ ತಳ್ಳಬೇಕಾಗುತ್ತದೆ. ಎರಡನೇ ಬ್ಯಾಟರಿ ಇಟ್ಟು, ಎಂಜಿನ್ ಕಡೆಯಿಂದ ಡಿಸಿ-ಡಿಸಿ ಚಾರ್ಜರ್ (ವ್ಯಾನ್ ಓಡುವಾಗ ಎರಡನೇ ಬ್ಯಾಟರಿಗೆ ಹದವಾಗಿ ಕರೆಂಟ್ ಕೊಡುವ ಡಬ್ಬಿ) ಮೂಲಕ ತುಂಬಿಸಿ. 20 ಆಂಪಿಯರ್‌ನದ್ದಾದರೆ ಮೈಸೂರಿನಿಂದ ಮಡಿಕೇರಿಗೆ ಬರುವ ಮೂರು ಗಂಟೆಯಲ್ಲಿ 60 ಆಂಪಿಯರ್-ಅವರ್ ತುಂಬುತ್ತದೆ. ಸೋಲಾರ್ ಪ್ಯಾನೆಲ್ ಬೇಸಿಗೆಗೆ ಚೆನ್ನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೋಡದಡಿಯಲ್ಲಿ ಅದೊಂದನ್ನೇ ನಂಬಬೇಡಿ.

230 ವೋಲ್ಟಿನ ಕಡೆಯ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ. ಇನ್ವರ್ಟರ್ ಬಾಡಿಯನ್ನು ಚಾಸಿಸ್‌ಗೆ ಅರ್ಥ್ ಮಾಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ ಸ್ವಿಚ್) ಹಾಕಿಸಿ. ಹೋಂಸ್ಟೇ ಅಂಗಳದಲ್ಲಿ ಹೊರಗಿನ ಕರೆಂಟ್ ತೆಗೆದುಕೊಳ್ಳುವವರಾದರೆ ಚೇಂಜ್‌ಓವರ್ ಸ್ವಿಚ್ (ಒಂದು ಸಲಕ್ಕೆ ಒಂದೇ ಕಡೆಯ ಕರೆಂಟ್ ಬಿಡುವ ಸ್ವಿಚ್) ಬೇಕು. ಎರಡು ಕರೆಂಟ್ ಒಂದೇ ವೈರಿನಲ್ಲಿ ಸೇರಿದರೆ ಇನ್ವರ್ಟರ್ ಹೋಯಿತೆಂದೇ ಲೆಕ್ಕ.

ಕೊನೆಯದಾಗಿ, ಮಿಕ್ಸಿ ಹಾಕಿ ಪರೀಕ್ಷೆ ಮಾಡಿ. ಅದು ತಿರುಗುತ್ತಿರುವಾಗ ಮಲ್ಟಿಮೀಟರಿನಲ್ಲಿ ಬ್ಯಾಟರಿಯ ಟರ್ಮಿನಲ್ಲಿನಲ್ಲೊಮ್ಮೆ, ಇನ್ವರ್ಟರಿನ ಡಿಸಿ ಟರ್ಮಿನಲ್ಲಿನಲ್ಲೊಮ್ಮೆ ವೋಲ್ಟ್ ನೋಡಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ಎಲ್ಲೋ ಒಂದು ಲಗ್ ಸಡಿಲವಾಗಿದೆ. ಮಿಕ್ಸಿ ನಿಲ್ಲಿಸಿ, ಕವರ್ ಮೇಲಿಂದ ಕೇಬಲ್ ಮುಟ್ಟಿಕೊಂಡು ಹೋಗಿ, ಬಿಸಿ ಇರುವ ಜಾಗ ಸಿಗುತ್ತದೆ. ಮೊದಲ ಘಾಟಿ ಇಳಿದ ಮೇಲೆ ಫ್ಯೂಸ್ ತೆಗೆದು ಎಲ್ಲ ನಟ್ಟುಗಳಿಗೂ ಮತ್ತೊಮ್ಮೆ ಸ್ಪಾನರ್ ಹಾಕಿ. ನನ್ನದರಲ್ಲಿ ಆಗ ಎರಡು ಸಡಿಲಾಗಿದ್ದವು.