ತಲೆಯ ಮೇಲೆ ಇನ್ನೆರಡು ಕಣ್ಣು: ಹೆಮ್‌ಲಾಕ್ ಮರದ ಪುಟ್ಟ ದುಂಬಿಯನ್ನು ಗುರುತಿಸಿದ ನನ್ನ ಅನುಭವ

ಆ ದುಂಬಿಗೆ ನಾನು ಮೊದಲು ಬರೆದ ಹೆಸರು ತಪ್ಪು. ಸೀಸೆಯೊಳಗಿನ ಚೀಟಿಯ ಮೇಲೆ ‘ಸಾಸಾಜಿಸಿಮ್ನಸ್ ಟ್ಸುಗೆ’ ಅಂತ ಬರೆದು, ಮುಚ್ಚಳ ಹಾಕಿ, ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆ ಚೀಟಿಯನ್ನು ಈಗಲೂ ಎತ್ತಿಟ್ಟಿದ್ದೇನೆ. ಅದನ್ನು ತಿದ್ದಲು ಹೊರಟ ಎರಡು ವಾರದಲ್ಲೇ ನಾನು ದುಂಬಿ ನೋಡುವುದನ್ನು ಕಲಿತದ್ದು.

ನವೆಂಬರ್ ಕೊನೆ. ಅಮೆರಿಕದ ಪೂರ್ವ ಭಾಗದ ಅಪಲೇಚಿಯನ್ ಬೆಟ್ಟಸಾಲಿನ ಒಂದು ಕಣಿವೆಯಲ್ಲಿ ಹೆಮ್‌ಲಾಕ್ ಮರಗಳ ಸಮೀಕ್ಷೆಗೆ ಹೋಗಿದ್ದೆ. ಹೆಮ್‌ಲಾಕ್ ಅಂದರೆ ಪೈನ್, ಫರ್ ಬಳಗದ ಮರ. ಪುಟ್ಟ ಪುಟ್ಟ ಸೂಜಿ ಎಲೆ, ತಗ್ಗಿ ಬಾಗಿದ ಕೊಂಬೆ, ಕೆಳಗೆ ಗಾಢ ನೆರಳು. ಆ ನೆರಳಿನಿಂದಲೇ ಪಕ್ಕದ ಹಳ್ಳದ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಕೊಂಬೆ ತಿರುಗಿಸಿ ನೋಡಿದರೆ ಎಲೆಗಳ ಬುಡದಲ್ಲಿ ಬಿಳಿ ಹತ್ತಿಯ ಚುಕ್ಕೆಗಳು ಸಾಲಾಗಿ ಕೂತಿದ್ದವು. ಅದು ಅಡೆಲ್ಜಿಡ್ ಅನ್ನೋ ಕೀಟ. ಗಿಡಹೇನಿನ ಹತ್ತಿರದ ನೆಂಟ, ಮೈಮೇಲೆ ಮೇಣದ ಉಣ್ಣೆ ಹೊದ್ದು ಕೂರುತ್ತದೆ. ಮೂಲ ಜಪಾನ್. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಇದನ್ನು ಮೊದಲು ಗುರುತಿಸಿದ್ದು 1951ರಲ್ಲಿ, ವರ್ಜೀನಿಯಾದ ರಿಚ್ಮಂಡ್ ಹತ್ತಿರ. ಇಲ್ಲಿ ಇದು ಗಂಡಿಲ್ಲದೆಯೇ ಮೊಟ್ಟೆಯಿಟ್ಟು ಬೆಳೆಯುತ್ತದೆ, ವರ್ಷಕ್ಕೆ ಎರಡು ಪೀಳಿಗೆ. ಹಾಗಾಗಿ ಒಂದೇ ಒಂದು ಹುಳು ಹೊಸ ಮರಕ್ಕೆ ತಲುಪಿದರೂ ಸಾಕು. ಕೆಲವೇ ವರ್ಷಗಳಲ್ಲಿ ನೂರಾರು ವರ್ಷದ ಮರ ಒಣಗಿ ನಿಲ್ಲುತ್ತದೆ. ಅಂಥ ಮರಗಳ ನಡುವೆ ನಡೆದ ಮೇಲೆ ಈ ಉಣ್ಣೆಯನ್ನು ತಿನ್ನುವ ಯಾವ ಹುಳುವನ್ನು ಕಂಡರೂ ನನಗೆ ಗೌರವ ಹುಟ್ಟುತ್ತದೆ.

ದುಂಬಿ ಹಿಡಿಯುವ ವಿಧಾನ ಸರಳ. ಕಡ್ಡಿಗೆ ಕಟ್ಟಿದ ಒಂದು ಮೀಟರ್ ಅಗಲದ ಬಿಳಿ ಬಟ್ಟೆಯನ್ನು ಕೊಂಬೆಯ ಕೆಳಗೆ ಹಿಡಿದು, ಕೋಲಿನಿಂದ ಕೊಂಬೆಗೆ ನಾಲ್ಕೈದು ಸಲ ಬಡಿಯಬೇಕು. ಆಮೇಲೆ ಸುಮ್ನೆ ಕಾಯಬೇಕು. ಚಳಿಯಲ್ಲಿ ಬಿದ್ದ ಹುಳು ಕಾಲು ಮಡಚಿಕೊಂಡು ಸತ್ತಂತೆ ಇರುತ್ತದೆ. ಸೂಜಿ ಎಲೆ, ತೊಗಟೆ ಚೂರುಗಳ ನಡುವೆ ಅದೂ ಒಂದು ಚೂರು. ಒಂದು ನಿಮಿಷ ಕಣ್ಣು ಕೀಳದೆ ನೋಡಿದರೆ ಯಾವುದೋ ಒಂದು ಕಪ್ಪು ಚೂರು ನಡೆಯಲು ಶುರು ಮಾಡುತ್ತದೆ. ಹಾಗೆ ನಡೆದವು ಐದು. ಎಳ್ಳಿನ ಕಾಳಿನಷ್ಟು ಗಾತ್ರ. ಬಾಯಿಂದ ಉಸಿರೆಳೆದು ಹುಳು ಹಿಡಿಯುವ ಕೊಳವೆಯಿಂದ ಅವನ್ನು ಹಿಡಿದು ಸೀಸೆಗೆ ಹಾಕಿಕೊಂಡೆ.

ಆ ಹೆಸರು ಯಾಕೆ ಬರೆದೆ? ಕಾರಣ ಇತ್ತು. ಸಾಸಾಜಿಸಿಮ್ನಸ್ ಜಪಾನಿನಿಂದ ತಂದ ಗುಲಗಂಜಿ ಹುಳು. ಇದೇ ಅಡೆಲ್ಜಿಡ್ ತಿನ್ನಲೆಂದು 1995ರಿಂದ ಹೆಮ್‌ಲಾಕ್ ಕಾಡುಗಳಲ್ಲಿ ಬಿಟ್ಟದ್ದು. ಕಪ್ಪು ಬಣ್ಣ, ಸುಮಾರು ಎರಡು ಮಿಲಿಮೀಟರ್, ಮೈತುಂಬ ಸಣ್ಣ ರೋಮ. ಗುಲಗಂಜಿ ಹುಳು ಅಂದಕೂಡಲೇ ಕೆಂಪು ಮೈ, ಕಪ್ಪು ಚುಕ್ಕಿ ನೆನಪಾಗುತ್ತದೆ, ಅಲ್ವಾ? ಆದರೆ ಆ ಬಳಗದಲ್ಲಿ ಚುಕ್ಕಿಯೇ ಇಲ್ಲದ ಪುಟ್ಟ ಕಪ್ಪು ಹುಳುಗಳು ಬೇಕಾದಷ್ಟಿವೆ. ನನ್ನ ಸೀಸೆಯಲ್ಲಿದ್ದದ್ದೂ ಕಪ್ಪು, ಅದಕ್ಕೂ ರೋಮ ಇತ್ತು, ಸಿಕ್ಕಿದ್ದೂ ಅದೇ ಮರದ ಮೇಲೆ. ಹೆಸರು ತಾನಾಗಿ ಬಂತು.

ನನಗೆ ಕಲಿಸುತ್ತಿದ್ದ ಹಿರಿಯರೊಬ್ಬರಿಗೆ ಸೀಸೆ ತೋರಿಸಿದೆ. ಅವರು ಚೀಟಿ ಓದಿ, ದುಂಬಿಯನ್ನು ನೋಡದೆಯೇ ಕೇಳಿದರು: “ಇದರ ವಿವರಣೆ ಎಲ್ಲಿ?”

“ಹೆಸರು ಬರೆದಿದ್ದೀನಲ್ಲ ಸರ್.”

“ಹೆಸರು ನಿಮ್ಮ ತೀರ್ಮಾನ. ನೀವು ಕಂಡದ್ದು ಏನು ಅಂತ ಬರೆದು ತನ್ನಿ. ಹೆಸರು ಆಮೇಲೆ ನೋಡೋಣ.”

ಅವತ್ತಿನಿಂದ ನಾನು ಈ ಕ್ರಮ ಬಿಟ್ಟಿಲ್ಲ. ಮೊದಲು ವಿವರಣೆ, ಆಮೇಲೆ ಹೆಸರು. ಹೆಸರು ಮೊದಲು ಬಂದರೆ ಕಣ್ಣು ಆ ಹೆಸರಿಗೆ ಹೊಂದುವುದನ್ನಷ್ಟೇ ಹುಡುಕುತ್ತದೆ.

ಮತ್ತೆ ಮೈಕ್ರೋಸ್ಕೋಪ್ ಮುಂದೆ ಕೂತೆ. ಮೊದಲ ತೊಂದರೆ ನಾನೇ ಮಾಡಿಕೊಂಡದ್ದು. ಐದನ್ನೂ ಆಲ್ಕೋಹಾಲ್‌ನಲ್ಲಿ ಹಾಕಿಟ್ಟಿದ್ದೆ. ಒದ್ದೆ ಮೈಮೇಲೆ ರೋಮ ಅಂಟಿಕೊಂಡು, ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮೈಮೇಲಿನ ಕುಳಿಗಳು ಒದ್ದೆಯಿದ್ದಾಗ ಒಂದು ರೀತಿ ಕಾಣುತ್ತವೆ, ಒಣಗಿದಾಗ ಇನ್ನೊಂದು ರೀತಿ. ಹಾಗಾಗಿ ಎರಡನ್ನು ಹೊರತೆಗೆದು ಒಣಗಿಸಿ, ತ್ರಿಕೋನಾಕಾರದ ಪುಟ್ಟ ರಟ್ಟಿನ ತುದಿಗೆ ಅಂಟಿಸಿದೆ. ಇಷ್ಟು ಸಣ್ಣ ದುಂಬಿಗೆ ನೇರವಾಗಿ ಗುಂಡುಸೂಜಿ ಚುಚ್ಚಲಾಗದು, ಆ ರಟ್ಟಿಗೆ ಚುಚ್ಚಬೇಕು. ಎದೆಯ ಬಲ ಪಕ್ಕಕ್ಕೆ ಮಾತ್ರ ಅಂಟು ತಾಗಬೇಕು, ಹೊಟ್ಟೆಯ ಕೆಳಭಾಗ ಮುಚ್ಚಬಾರದು. ಉಳಿದವು ಆಲ್ಕೋಹಾಲ್‌ನಲ್ಲೇ ಇದ್ದವು. ಮುಂದೆ ಡಿಎನ್ಎ ಪರೀಕ್ಷೆ ಬೇಕಾಗಬಹುದು ಅನ್ನಿಸಿದರೆ 95 ಶೇಕಡಾದ ಆಲ್ಕೋಹಾಲ್ ಬಳಸಿ, 70ರದ್ದು ಅದಕ್ಕೆ ಸಾಲದು.

ಒಣಗಿದ ದುಂಬಿಯನ್ನು ಮೇಲಿನಿಂದ ನೋಡಿದ ಕೂಡಲೇ ನನ್ನ ಹೆಸರು ಅಲುಗಾಡಿತು. ಗುಲಗಂಜಿ ಹುಳುವಿನ ಬೆನ್ನು ಬೋರಲು ಹಾಕಿದ ಬಟ್ಟಲಿನ ಹಾಗೆ ಉಬ್ಬಿರುತ್ತದೆ. ತಲೆ ಎದೆಯ ಕವಚದೊಳಗೆ ಹುದುಗಿರುತ್ತದೆ, ಮೀಸೆ ಮೋಟು. ಇದರ ಮೈ ನೀಳ. ತಲೆ ಹೊರಗೆ ಚಾಚಿದೆ. ಮೀಸೆ ಉದ್ದ, ಅದರಲ್ಲಿ 11 ಗಿಣ್ಣು, ಕೊನೆಯ ಮೂರು ಗಿಣ್ಣು ದಪ್ಪಗಾಗಿ ಬಿಡಿಬಿಡಿಯಾದ ಗದೆಯಂತೆ ಇವೆ. ಗಟ್ಟಿ ರೆಕ್ಕೆಗಳ ಮೇಲೆ ದೊಡ್ಡ ದೊಡ್ಡ ಕುಳಿಗಳು ಸಾಲು ಹಿಡಿದಿವೆ, ಹೊಲಿಗೆ ಹಾಕಿದ ಹಾಗೆ. ಗುಲಗಂಜಿ ಹುಳುಗಳಲ್ಲಿ ಇಂಥ ಅಚ್ಚುಕಟ್ಟಾದ ಸಾಲುಗಳಿರುವುದಿಲ್ಲ, ಕುಳಿಗಳು ಚೆದುರಿರುತ್ತವೆ.

ತಿರುಗಿಸಿ ಹೊಟ್ಟೆಯ ಕಡೆ ನೋಡಿದೆ. ಗುಲಗಂಜಿ ಹುಳುವಿಗೆ ಹೊಟ್ಟೆಯ ಮೊದಲ ಪಟ್ಟಿಯ ಮೇಲೆ, ಹಿಂಗಾಲಿನ ಬುಡದ ಹಿಂದೆ, ಬಾಗಿದ ಒಂದು ಗೆರೆ ಇರುತ್ತದೆ. ಗುಲಗಂಜಿ ಹುಳುಗಳದೇ ಆದ ಸಿಮ್ನಸ್ ಅನ್ನೋ ಗುಂಪಿನಲ್ಲಂತೂ ಆ ಗೆರೆ ಪೂರ್ತಿ ಬಾಗಿ ಮತ್ತೆ ಮೇಲಕ್ಕೆ ಬರುತ್ತದೋ, ಅರ್ಧಕ್ಕೇ ನಿಲ್ಲುತ್ತದೋ ಅನ್ನೋದರ ಮೇಲೆ ಉಪಕುಲಗಳನ್ನೇ ಬೇರೆ ಮಾಡುತ್ತಾರೆ. ನನ್ನ ದುಂಬಿಗೆ ಆ ಗೆರೆಯೇ ಇಲ್ಲ. ಬಾಯಿಯ ಪಕ್ಕದ ಸ್ಪರ್ಶಕಡ್ಡಿಯ ಕೊನೆಯ ಗಿಣ್ಣು ಗುಲಗಂಜಿ ಹುಳುವಿನಲ್ಲಿ ಕೊಡಲಿಯ ಹಾಗೆ ಅಗಲ. ಇಲ್ಲಿ ಹಾಗಿಲ್ಲ. ಅಲ್ಲಿಗೆ ಆ ಕುಟುಂಬ ಬಿದ್ದುಹೋಯಿತು.

ಹಾಗಾದರೆ ಇದು ಯಾವುದು?

ಉತ್ತರ ತಲೆಯ ಮೇಲೆ ಇತ್ತು. ದುಂಬಿಗಳಿಗೆ ಸಾಮಾನ್ಯವಾಗಿ ಎರಡೇ ಕಣ್ಣು, ಎರಡು ಪಕ್ಕದ, ಹಲವು ಪುಟ್ಟ ಮಸೂರ ಸೇರಿದ ಸಂಯುಕ್ತ ಕಣ್ಣು. ಜೇನುನೊಣ, ಕಣಜಗಳ ನೆತ್ತಿಯ ಮೇಲೆ ಕಾಣುವ, ಒಂದೇ ಮಸೂರದ ಸರಳ ಕಣ್ಣು ದುಂಬಿಗಳಲ್ಲಿ ಬಹಳ ಅಪರೂಪ. ನನ್ನ ದುಂಬಿಯ ನೆತ್ತಿಯ ಮೇಲೆ, ಎರಡು ದೊಡ್ಡ ಕಣ್ಣುಗಳ ಒಳಪಕ್ಕಕ್ಕೆ, ಎರಡು ಪುಟ್ಟ ಹೊಳೆಯುವ ಮಣಿಗಳಿದ್ದವು. ಮೊದಲು ಅದನ್ನು ದೀಪದ ಹೊಳಪು ಅಂದುಕೊಂಡು ಬಿಟ್ಟುಬಿಟ್ಟಿದ್ದೆ. ಕಪ್ಪು ಮಿನುಗುವ ಮೈಯಲ್ಲಿ ಎಲ್ಲೆಲ್ಲೂ ಹೊಳಪು ಇರುತ್ತದೆ. ಎರಡನ್ನು ಬೇರೆ ಮಾಡುವುದು ಹೇಗೆ ಅಂತ ಹೇಳುತ್ತೇನೆ. ದೀಪಕ್ಕೂ ದುಂಬಿಗೂ ನಡುವೆ ತೆಳು ಬಿಳಿ ಕಾಗದ ಹಿಡಿಯಿರಿ, ಬೆಳಕು ಮೆತ್ತಗಾಗುತ್ತದೆ. ಆಮೇಲೆ ದುಂಬಿಯನ್ನು ನಿಧಾನ ತಿರುಗಿಸಿ. ಹೊಳಪಾದರೆ ಜಾಗ ಬದಲಿಸುತ್ತದೆ. ಕಣ್ಣಾದರೆ ಇದ್ದಲ್ಲೇ ಇರುತ್ತದೆ, ಎಡಕ್ಕೂ ಬಲಕ್ಕೂ ಒಂದೇ ಅಳತೆಯಲ್ಲಿ. ನಾನು ಹತ್ತು ಸಲ ತಿರುಗಿಸಿದೆ. ಹತ್ತು ಸಲವೂ ಅವು ಇದ್ದಲ್ಲೇ ಇದ್ದವು. ಐದೂ ದುಂಬಿಗಳಲ್ಲಿ ಇದ್ದವು. ಆ ಸಂಜೆಯ ಸಂತೋಷ ಇವತ್ತಿಗೂ ಹಾಗೇ ಇದೆ.

ಸರಳ ಕಣ್ಣಿರುವ ದುಂಬಿಗಳು ಕೆಲವೇ ಗುಂಪು. ಡರ್ಮೆಸ್ಟಿಡ್ ಬಳಗದಲ್ಲಿ ಅನೇಕಕ್ಕೆ ನೆತ್ತಿಯ ನಡುವೆ ಒಂದೇ ಒಂದು ಇರುತ್ತದೆ. ಓಮಲೈನೀ ಅನ್ನೋ ಗುಂಪಿನಲ್ಲಿ ಎರಡಿರುತ್ತವೆ, ಆದರೆ ಅವುಗಳ ಗಟ್ಟಿ ರೆಕ್ಕೆ ಮೋಟು, ಹೊಟ್ಟೆ ಹೊರಗೆ ಕಾಣುತ್ತದೆ. ರೆಕ್ಕೆ ಹೊಟ್ಟೆಯನ್ನು ಪೂರ್ತಿ ಮುಚ್ಚಿ, ಕುಳಿಗಳು ಸಾಲು ಹಿಡಿದು, ನೆತ್ತಿಯಲ್ಲಿ ಎರಡು ಕಣ್ಣಿದ್ದರೆ ಅದು ಡೆರೊಡಾಂಟಿಡೀ ಕುಟುಂಬ. ಆ ಕುಟುಂಬದ ಉಳಿದವು ಶಿಲೀಂಧ್ರ ತಿನ್ನುತ್ತವೆ. ಸೂಜಿ ಎಲೆಯ ಮರದ ಮೇಲೆ ಅಡೆಲ್ಜಿಡ್ ಬೇಟೆಯಾಡುವ ಕುಲ ಒಂದೇ: ಲಾರಿಕೋಬಿಯಸ್.

ಕುಲ ಸಿಕ್ಕಿತು. ಪ್ರಭೇದ ಅಷ್ಟು ಸುಲಭ ಅಲ್ಲ.

ಆ ಕಾಡಿನಲ್ಲಿ ಮುಖ್ಯವಾಗಿ ಎರಡನ್ನು ನೋಡಬೇಕಿತ್ತು. ಒಂದು, ಲಾರಿಕೋಬಿಯಸ್ ನೈಗ್ರಿನಸ್. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯದು. 1945ರಲ್ಲಿ ಹೆಸರು ಪಡೆದದ್ದು, ಪೂರ್ವದ ಕಾಡುಗಳಲ್ಲಿ 2003ರಿಂದ ಬಿಟ್ಟದ್ದು. ಮೈ ಕಪ್ಪು, ಹೆಸರಿನ ಅರ್ಥವೂ ಕಪ್ಪು ಅಂತಲೇ. ಇನ್ನೊಂದು, ಲಾರಿಕೋಬಿಯಸ್ ರೂಬಿಡಸ್. ಇದು ಪೂರ್ವದ್ದೇ ಸ್ವಂತ ದುಂಬಿ. ಬಿಳಿ ಪೈನ್ ಮರದ ತೊಗಟೆಯ ಅಡೆಲ್ಜಿಡ್ ಇದರ ಹಳೆಯ ಊಟ, ಹೆಮ್‌ಲಾಕ್ ಮೇಲೂ ಬರುತ್ತದೆ. ರೆಕ್ಕೆ ಕೆಂಪುಕಂದು. ಜಪಾನಿನ ಒಸಾಕೆನ್ಸಿಸ್ ಅನ್ನೋ ಮೂರನೆಯದೂ ಇದೆ, 2011ರಲ್ಲಿ ವಿವರಿಸಿದ್ದು. ಅದನ್ನು ಬಿಟ್ಟಿರುವ ಜಾಗಗಳಲ್ಲಿ ಅದನ್ನೂ ಲೆಕ್ಕಕ್ಕೆ ತಗೋಬೇಕು.

ಕಪ್ಪು ಇದ್ದರೆ ನೈಗ್ರಿನಸ್, ಕೆಂಪು ಇದ್ದರೆ ರೂಬಿಡಸ್ ಅಂದುಬಿಡಬಹುದಾ? ಇಲ್ಲ. ಎರಡೂ ಒಂದೇ ಕಾಡಿನಲ್ಲಿ ಸೇರಿದ ಮೇಲೆ ತಮ್ಮತಮ್ಮಲ್ಲೇ ಕೂಡಿ ಮಿಶ್ರತಳಿಗಳು ಹುಟ್ಟಿವೆ. ಜೊತೆಗೆ, ಕೋಶದಿಂದ ಹೊಸದಾಗಿ ಹೊರಬಂದ ಯಾವ ದುಂಬಿಯಾದರೂ ಸ್ವಲ್ಪ ದಿನ ಮಾಸಲು ಬಣ್ಣದ್ದೇ. ಬಣ್ಣವನ್ನು ಬರೆದುಕೊಳ್ಳಬೇಕು, ಆದರೆ ಅದರ ಮೇಲೆ ಭಾರ ಹಾಕಬಾರದು. ಗಂಡು ಸಿಕ್ಕಿದರೆ ಜನನಾಂಗದ ಆಕಾರ ಜಾಸ್ತಿ ನಂಬಿಕೆಗೆ ತಕ್ಕದ್ದು. ಒಂದು ಗಂಡನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಹೊಟ್ಟೆ ಬೇರ್ಪಡಿಸಿ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮಾಂಸ ಕರಗಿಸಿ, ಗ್ಲಿಸರಿನ್ ಹನಿಯಲ್ಲಿಟ್ಟು ನೋಡಿದೆ. ಅದು ನೈಗ್ರಿನಸ್ ಚಿತ್ರಕ್ಕೆ ಹೊಂದಿತು. ಆ ಭಾಗವನ್ನು ಬಿಸಾಡಬೇಡಿ. ಪುಟ್ಟ ಗ್ಲಿಸರಿನ್ ಕೊಳವೆಯಲ್ಲಿ ಹಾಕಿ ಅದೇ ಗುಂಡುಸೂಜಿಗೆ ಚುಚ್ಚಿಡಿ. ನಾಳೆ ಇನ್ನೊಬ್ಬರು ನಿಮ್ಮ ಮಾತನ್ನು ಪರೀಕ್ಷೆ ಮಾಡಬೇಕಾಗುತ್ತದೆ.

ಕೊನೆಗೆ ಬರೆದ ವಿವರಣೆ ಹೀಗಿದೆ:

‘ಉದ್ದ 2.4ರಿಂದ 2.8 ಮಿ.ಮೀ. ಮೈ ನೀಳ, ಮಿತವಾಗಿ ಉಬ್ಬಿದ್ದು, ಮೇಲೆ ಮಾಸಲು ಬಿಳಿ ರೋಮ. ತಲೆ ಮೇಲಿನಿಂದ ಕಾಣುತ್ತದೆ. ನೆತ್ತಿಯಲ್ಲಿ ಒಂದು ಜೊತೆ ಸರಳ ಕಣ್ಣು. ಮೀಸೆಯಲ್ಲಿ 11 ಗಿಣ್ಣು, ಕೊನೆಯ ಮೂರು ಸೇರಿ ಬಿಡಿಯಾದ ಗದೆ. ಎದೆಯ ಕವಚ ರೆಕ್ಕೆಗಳಿಗಿಂತ ಕಿರಿದು, ಮೇಲೆ ಒತ್ತೊತ್ತಾಗಿ ಒರಟು ಕುಳಿ. ಗಟ್ಟಿ ರೆಕ್ಕೆಯ ಕುಳಿಗಳು ದೊಡ್ಡವು, ಸಾಲಾಗಿವೆ. ನಾಲ್ಕು ಪೂರ್ತಿ ಕಪ್ಪು. ಒಂದರ ರೆಕ್ಕೆಯ ನಡುಭಾಗ ಕೆಂಪುಕಂದು.’

ಅಳತೆಗೆ ಒಂದು ಮಾತು. ಮೈಕ್ರೋಸ್ಕೋಪ್‌ನಲ್ಲಿ ಕಣ್ಣಿಡುವ ಗಾಜಿನೊಳಗಿನ ಅಳತೆಪಟ್ಟಿಯ ಒಂದು ಮನೆ ಎಷ್ಟು ಮಿಲಿಮೀಟರ್ ಅನ್ನೋದು ಮೈಕ್ರೋಸ್ಕೋಪ್‌ನ ಜೂಮ್ ಬದಲಿಸಿದಂತೆಲ್ಲ ಬದಲಾಗುತ್ತದೆ. ಪ್ರತಿ ಜೂಮ್‌ಗೂ ಗಾಜಿನ ಮೇಲಿನ ನಿಜವಾದ ಅಳತೆಪಟ್ಟಿ ಇಟ್ಟು ಹೋಲಿಸಿ ಬರೆದಿಟ್ಟುಕೊಳ್ಳಿ. ತಲೆ ಬಾಗಿದ್ದರೆ ಉದ್ದ ಕಡಿಮೆ ಬರುತ್ತದೆ, ಹಾಗಾಗಿ ಎಲ್ಲಿಂದ ಎಲ್ಲಿಗೆ ಅಳೆದಿರಿ ಅಂತಲೂ ಬರೆಯಿರಿ.

ಮಾರ್ಚ್‌ನಲ್ಲಿ ಮತ್ತೆ ಅದೇ ಮರಗಳ ಹತ್ತಿರ ಹೋದೆ. ಈ ದುಂಬಿ ಯಾಕೆ ಬೇಕಾದದ್ದು ಅಂತ ಆಗ ಕಣ್ಣಾರೆ ಕಂಡೆ. ಅಡೆಲ್ಜಿಡ್ ಬೇಸಿಗೆಯಲ್ಲಿ ನಿದ್ದೆ ಮಾಡಿ, ಶರತ್ಕಾಲದಲ್ಲಿ ಎದ್ದು, ಚಳಿಗಾಲ ಪೂರ್ತಿ ಬೆಳೆಯುತ್ತದೆ. ಮಿಕ್ಕ ಬೇಟೆಗಾರ ಹುಳುಗಳು ಆಗ ಅಡಗಿರುತ್ತವೆ. ಲಾರಿಕೋಬಿಯಸ್ ಮಾತ್ರ ಅದೇ ಲೆಕ್ಕಕ್ಕೆ ಮಣ್ಣಿನಿಂದ ಮೇಲೆ ಬರುತ್ತದೆ. ಚಳಿಯಲ್ಲೇ ತಿಂದು, ಬಿಳಿ ಉಣ್ಣೆಯೊಳಗೆ ಮೊಟ್ಟೆ ಇಡುತ್ತದೆ. ಕತ್ತರಿಸಿ ತಂದ ಕೊಂಬೆಯ ಉಣ್ಣೆಯನ್ನು ಸೂಜಿಯಿಂದ ಬಿಡಿಸಿದಾಗ ಹಳದಿ ಬಣ್ಣದ ಒಂದು ಮರಿಹುಳು ಅಡೆಲ್ಜಿಡ್ ಮೊಟ್ಟೆಗಳ ನಡುವೆ ತಲೆ ತೂರಿಸಿ ತಿನ್ನುತ್ತಿತ್ತು. ಬೇಟೆಯ ಉಣ್ಣೆಯೇ ಅದರ ಬೆನ್ನಿಗೂ ಮೆತ್ತಿಕೊಂಡಿತ್ತು. ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತೆ. ನಾಲ್ಕು ಹಂತ ಬೆಳೆದು, ಅದು ಮಣ್ಣಿಗೆ ಬಿದ್ದು ಕೋಶ ಕಟ್ಟುತ್ತದೆ, ಮತ್ತೆ ಶರತ್ಕಾಲದವರೆಗೆ ಅಲ್ಲೇ. ಮರದ ಬುಡದ ಮಣ್ಣು, ಬಿದ್ದ ಎಲೆ ಅವಕ್ಕೆ ಎಷ್ಟು ಮುಖ್ಯ ಅಂತ ಅವತ್ತು ಹೊಳೆಯಿತು. ಆಮೇಲೆ ಬುಡದ ಹತ್ತಿರ ತುಳಿಯದೆ ನಡೆಯುತ್ತೇನೆ.

ನಾಲ್ಕು ಕಪ್ಪು ದುಂಬಿಗಳ ಚೀಟಿಯನ್ನು ಹೊಸದಾಗಿ ಬರೆದೆ. ಜಾಗದ ಅಕ್ಷಾಂಶ ರೇಖಾಂಶ, ದಿನಾಂಕ, ‘ಹೆಮ್‌ಲಾಕ್, ಕೊಂಬೆ ಬಡಿದು’, ಹಿಡಿದವರ ಹೆಸರು. ಎರಡನೆಯ ಚೀಟಿಯಲ್ಲಿ, ಜನನಾಂಗ ನೋಡಿದ ಗಂಡಿಗೆ ‘ಲಾರಿಕೋಬಿಯಸ್ ನೈಗ್ರಿನಸ್’ ಅಂತ. ಉಳಿದ ಮೂರಕ್ಕೆ ‘ಬಹುಶಃ ನೈಗ್ರಿನಸ್’. ಕೆಂಪುಕಂದು ರೆಕ್ಕೆಯದು ಹೆಣ್ಣು. ಅದನ್ನು ಆಲ್ಕೋಹಾಲ್‌ನಲ್ಲೇ ಬಿಟ್ಟು, ಚೀಟಿಯಲ್ಲಿ ‘ಲಾರಿಕೋಬಿಯಸ್’ ಅಂತಷ್ಟೇ ಬರೆದು, ಪಕ್ಕದಲ್ಲಿ ಪ್ರಭೇದಕ್ಕೆ ಜಾಗ ಖಾಲಿ ಇಟ್ಟಿದ್ದೇನೆ.