ಲ್ಯಾಬ್ರಡಾರ್ ತೂಕ ಇಳಿಸಬೇಕೇ? ಅಳತೆ ಲೋಟ ಬಿಟ್ಟು ತಕ್ಕಡಿ ಹಿಡಿಯಿರಿ

ನಾಯಿ ದಪ್ಪಗಾಯಿತೆಂದು ಹೆಚ್ಚಿನವರು ಮೊದಲು ಓಡಿಸಲು ಶುರುಮಾಡುತ್ತಾರೆ. ಮೊದಲೇ ಭಾರ ಹೊತ್ತ ಸೊಂಟದ ಕೀಲಿಗೆ ಅದು ಇನ್ನೊಂದು ಪೆಟ್ಟು. ಊಟ ಸರಿಹೋಗುವವರೆಗೆ ನಿಧಾನದ ನಡಿಗೆ ಸಾಕು.

ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ. ಪಕ್ಕೆಲುಬು ಹಾಗೆ ಸಿಕ್ಕರೆ ನಾಯಿ ಬಡಕಲು. ಬಿಚ್ಚಿದ ಕೈಯ ಹಿಂಬದಿಯಂತೆ ಸಿಕ್ಕರೆ ಸರಿ, ಅಂಗೈಯಂತಿದ್ದರೆ ಕೊಬ್ಬು. ಆಮೇಲೆ ಪಶುವೈದ್ಯರಲ್ಲಿ ತೂಕ ಹಾಕಿಸಿ, ಇರಬೇಕಾದ ತೂಕ ಎಷ್ಟೆಂದು ಕೇಳಿ. ಥೈರಾಯ್ಡ್ ಪರೀಕ್ಷೆ ಬೇಕೇ ಎಂಬುದನ್ನೂ ಅಲ್ಲೇ ವಿಚಾರಿಸಿ.

ಎಲ್ಲರೂ ಎಡವುವುದು ಊಟದ ಲೆಕ್ಕದಲ್ಲಿ. ಈಗಿನ ತೂಕವಲ್ಲ, ಇರಬೇಕಾದ ತೂಕ ಹಿಡಿಯಿರಿ. 40 ಕೆ.ಜಿ. ನಾಯಿ 32ಕ್ಕೆ ಬರಬೇಕೆನ್ನಿ. ಕ್ಯಾಲ್ಕ್ಯುಲೇಟರ್‌ನಲ್ಲಿ 32×32×32 ಮಾಡಿ, ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, 70ರಿಂದ ಗುಣಿಸಿ: ದಿನಕ್ಕೆ ಸುಮಾರು 940 ಕ್ಯಾಲೊರಿ. ತಿಂಡಿ–ತಿನಿಸಿಗೆ ಹತ್ತರಲ್ಲೊಂದು ಪಾಲು ತೆಗೆದಿಟ್ಟರೆ ಉಳಿದದ್ದು ಸುಮಾರು 850. ಪೊಟ್ಟಣದ ಮೇಲೆ 100 ಗ್ರಾಂಗೆ 360 ಕ್ಯಾಲೊರಿ ಎಂದಿದ್ದರೆ 235 ಗ್ರಾಂ ಒಣ ಆಹಾರ, ಅಷ್ಟೇ. ಲೋಟದಲ್ಲಿ ಅಳೆಯಲೇಬೇಡಿ, ತುಂಬುವ ಕೈ ಬದಲಾದರೆ ಅಳತೆಯೂ ಬದಲು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬೆಳಿಗ್ಗೆಯೇ ಇಡೀ ದಿನದ ಪಾಲು ತೂಗಿ ಒಂದು ಡಬ್ಬಿಗೆ ಹಾಕಿ. ಅಜ್ಜಿ ಕೊಡಲಿ, ಮಕ್ಕಳು ಕೊಡಲಿ, ಊಟ ಆ ಡಬ್ಬಿಯಿಂದಲೇ. ನಾಲ್ಕು ಗ್ಲೂಕೋಸ್ ಬಿಸ್ಕೆಟ್‌ಗೆ ತಿನಿಸಿನ ಪಾಲು ಮುಗಿದೇ ಹೋಗುತ್ತದೆ. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಹುರುಳಿಕಾಯಿ ಕೊಡಿ. ಮೊಸರನ್ನ ಹಾಕುವವರು ಪ್ರತಿ 100 ಗ್ರಾಂ ಅನ್ನಕ್ಕೆ ಸುಮಾರು 130 ಕ್ಯಾಲೊರಿ ಕಳೆಯಬೇಕು, ಮೊಸರಿನದು ಬೇರೆ.

‘ಲೈಟ್’ ಎಂಬ ಹೆಸರು ನಂಬಿ ಕೊಳ್ಳಬೇಡಿ, ಹಿಂಬದಿಯ ಕ್ಯಾಲೊರಿ ಓದಿ. ಮಾಮೂಲಿ ಆಹಾರವನ್ನೇ ತಿಂಗಳುಗಟ್ಟಲೆ ಅರ್ಧಕ್ಕಿಳಿಸಿದರೆ ಪ್ರೋಟೀನ್, ಖನಿಜಗಳೂ ಅರ್ಧವಾಗುತ್ತವೆ. ಅಷ್ಟು ಇಳಿಸಬೇಕಾದಲ್ಲಿ ವೈದ್ಯರು ಹೇಳುವ ತೂಕ ಇಳಿಕೆಯ ಆಹಾರವೇ ಸರಿ.

ನಾಯಿ ಬೇಡುತ್ತದೆ, ನಿಜ. ಕೆಲವು ಲ್ಯಾಬ್ರಡಾರ್‌ಗಳಿಗೆ ಹಸಿವು ಹೆಚ್ಚಿಸುವ ಜೀನ್ ವ್ಯತ್ಯಾಸವೇ ಇದೆ ಎಂದು 2016ರಲ್ಲಿ ಗೊತ್ತಾಯಿತು. ಆದರೂ ಕರಗಬೇಡಿ: 48 ಲ್ಯಾಬ್ರಡಾರ್‌ಗಳ ಮೇಲೆ ನಡೆದ ದೀರ್ಘ ಅಧ್ಯಯನದಲ್ಲಿ ಕಾಲು ಭಾಗ ಕಡಿಮೆ ತಿಂದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು. ದಿನದ ಪಾಲನ್ನೇ ಮೂರು ಹೊತ್ತಿಗೆ ಹಂಚಿ.

ಎರಡು ವಾರಕ್ಕೊಮ್ಮೆ ಪಶುವೈದ್ಯರಲ್ಲಿನ ಅದೇ ತಕ್ಕಡಿಯಲ್ಲಿ ನಾಯಿಯನ್ನು ತೂಗಿಸಿ. ವಾರಕ್ಕೆ 400ರಿಂದ 800 ಗ್ರಾಂ ಇಳಿಯಬೇಕು. ಇಳಿಯದಿದ್ದರೆ ಮೊದಲು ಕದ್ದು ತಿನ್ನಿಸುವವರನ್ನು ಹುಡುಕಿ, ಆಮೇಲೆ ಶೇ 10 ಕಡಿತ ಮಾಡಿ. 32 ಕೆ.ಜಿ. ಮುಟ್ಟಿದ ಮೇಲೆ ಹಳೆಯ ಅಳತೆಗೆ ಮರಳದೆ, ಶೇ 10ರಷ್ಟೇ ಏರಿಸುತ್ತ ತೂಕ ನಿಲ್ಲುವ ಜಾಗ ಹುಡುಕಿ. ಮರಿಗಳಿಗೆ ಈ ಲೆಕ್ಕ ಹಾಕಕೂಡದು.